ಹಕಾರದ ಜಾಡು ಹಿಡಿದು ಕೋಯಾಸನ್ ಬೆಟ್ಟಕ್ಕೆ

ಜಪಾನೀ ಅಕ್ಷರಗಳನ್ನು ಕಲಿಯಬೇಕಾದ ಒತ್ತಡ ನನಗೆ ಯಾವತ್ತೂ ಇರಲಿಲ್ಲ. ನನ್ನ ನೌಕರಿಗೆ ಆ ಭಾಷೆ ಬೇಕಿಲ್ಲ. ಜುಲೈ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ನಡೆಯುವ ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆಗೆ ಕೂರುವ ವಿಚಾರವನ್ನೂ ನಾನು ಮಾಡಿಲ್ಲ. ರಾತ್ರಿ ಊಟ ಮುಗಿದ ಮೇಲೆ ಚೌಕಳಿ ಹಾಳೆಯ ನೋಟ್‌ಬುಕ್ಕಿನಲ್ಲಿ ಒಂದೆರಡು ಅಕ್ಷರಗಳನ್ನು ಗೆರೆಗಳ ಕ್ರಮ ತಪ್ಪದಂತೆ ತಿದ್ದುವುದು, ಅವುಗಳಿಂದಾಗುವ ಒಂದೆರಡು ಪದಗಳನ್ನು ಬಾಯಿಪಾಠ ಮಾಡುವುದು, ಇಷ್ಟೇ ನನ್ನ ಅಭ್ಯಾಸ. ಇಷ್ಟು ಅಲ್ಪವಾದ ಕಲಿಕೆಯೂ ಎಷ್ಟು ದೂರ ಕರೆದೊಯ್ಯಬಲ್ಲುದು ಎಂಬುದು ಮನದಟ್ಟಾದದ್ದು ವಾಕಯಾಮಾ ಪ್ರಾಂತ್ಯದ ಕೋಯಾಸನ್ ಬೆಟ್ಟದ ಮೇಲೆ, ಅಲ್ಲಿಯ ಒಂದು ದೇವಾಲಯದಲ್ಲಿ ರಾತ್ರಿ ತಂಗಿ ಬೆಳಗಿನ ಪೂಜೆಗೆ ಕುಳಿತಾಗ. ಅದನ್ನು ಹೇಳುವ ಮೊದಲು, ನೋಟ್‌ಬುಕ್ಕಿನ ಹಂತದಲ್ಲೇ ನನ್ನನ್ನು ಹಿಡಿದು ನಿಲ್ಲಿಸಿದ್ದ ಒಂದು ಪ್ರಶ್ನೆಯನ್ನು ವಿವರಿಸಬೇಕು.

ಜಪಾನೀಯರು ಮೂರು ಬಗೆಯ ಲಿಪಿಗಳನ್ನು ಕೂಡಿಸಿ ಬರೆಯುತ್ತಾರೆ. ಚೀನಾದಿಂದ ಬಂದ ಕಂಜಿ ಅಕ್ಷರಗಳು ದಿನಬಳಕೆಗೆಂದು ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯೊಂದರಲ್ಲೇ 2,136 ಇವೆ. ಆದರೆ ಹಿರಗನ ಮತ್ತು ಕತಕನ ಎಂಬ ಉಚ್ಚಾರಣಾ ಲಿಪಿಗಳಲ್ಲಿ ಮೂಲಾಕ್ಷರಗಳು ತಲಾ 46 ಮಾತ್ರ. ಇವೆರಡನ್ನು ಕಲಿಯುವಾಗ ಉಚ್ಚಾರಣೆಯನ್ನು ರೋಮನ್ ಲಿಪಿಯಲ್ಲಿ ಬರೆದುಕೊಳ್ಳುವ ರೂಢಿ ಎಲ್ಲೆಡೆ ಇದೆ. ಕನ್ನಡ ಬಲ್ಲವರು ಅದನ್ನು ಬಿಟ್ಟು ಕನ್ನಡದಲ್ಲೇ ಬರೆದುಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಒಬಸನ್ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ಒಬಾಸನ್ ಎಂದರೆ ಅಜ್ಜಿ. ಕಿತೆ ಎಂದರೆ ಬಾ, ಕಿತ್ತೆ ಎಂದರೆ ಅಂಚೆ ಚೀಟಿ. ಹ್ರಸ್ವ ದೀರ್ಘಗಳನ್ನೂ ಒತ್ತಕ್ಷರಗಳನ್ನೂ ಹುಟ್ಟಿನಿಂದ ಕೇಳಿದ ಕಿವಿಗೆ ಈ ವ್ಯತ್ಯಾಸಗಳಲ್ಲಿ ಕಷ್ಟವೇನೂ ಇಲ್ಲ. ಅವರ ಸ್ವರವಿಲ್ಲದ ಅನುನಾಸಿಕವಂತೂ ನಮ್ಮ ಸೊನ್ನೆಯ ಹಾಗೆಯೇ ನಡೆದುಕೊಳ್ಳುತ್ತದೆ: ಮುಂದೆ ಬಕಾರ ಬಂದರೆ ಮಕಾರವಾಗಿ, ಕಕಾರ ಬಂದರೆ ಙಕಾರವಾಗಿ ಕೇಳಿಸುತ್ತದೆ. ವೃತ್ತಪತ್ರಿಕೆ ಎಂಬರ್ಥದ ಪದವನ್ನು ಶಿಂಬುನ್ ಎಂದೂ ಹವಾಮಾನ ಎಂಬರ್ಥದ ಪದವನ್ನು ತೆಂಕಿ ಎಂದೂ ಸೊನ್ನೆ ಹಾಕಿ ಬರೆದುಕೊಂಡರೆ ಬಾಯಿ ತಾನಾಗಿಯೇ ಸರಿಯಾಗಿ ನುಡಿಯುತ್ತದೆ.

ಈ ಅಕ್ಷರಗಳನ್ನು ಜೋಡಿಸಿರುವ ಕೋಷ್ಟಕಕ್ಕೆ ಗೊಜೂಒನ್ ಎಂದು ಹೆಸರು. ಸ್ವರಗಳು ಅ ಇ ಉ ಎ ಒ; ಸಾಲುಗಳು ಅ ಕ ಸ ತ ನ ಹ ಮ ಯ ರ ವ. ಮೊದಲ ಸಲ ಇದನ್ನು ಗಟ್ಟಿಯಾಗಿ ಓದಿದಾಗಲೇ ನಮ್ಮ ವರ್ಣಮಾಲೆಯ ನಡಿಗೆ ಇದರಲ್ಲಿ ಕೇಳಿಸಿತು. ಅದು ಆಕಸ್ಮಿಕವಲ್ಲ. ಸಂಸ್ಕೃತ ಮಂತ್ರಗಳನ್ನು ಬರೆಯಲು ಬೌದ್ಧ ಭಿಕ್ಷುಗಳು ಬಳಸುತ್ತಿದ್ದ ಸಿದ್ಧಂ ಲಿಪಿಯ ಅಧ್ಯಯನ ಜಪಾನಿನಲ್ಲಿ ಒಂದು ಶಾಸ್ತ್ರವಾಗಿಯೇ ಬೆಳೆದಿತ್ತು. ಆ ಶಾಸ್ತ್ರವನ್ನು ಬಲ್ಲವರು ತಮ್ಮ ಭಾಷೆಯ ಧ್ವನಿಗಳನ್ನೂ ಅದೇ ಕ್ರಮದಲ್ಲಿ ನಿಲ್ಲಿಸಿದರು. ಹನ್ನೊಂದನೆಯ ಶತಮಾನದಿಂದ ಇಂಥ ಕೋಷ್ಟಕಗಳು ದೊರೆಯುತ್ತವೆ. ಕವರ್ಗ, ಚವರ್ಗದ ಜಾಗದಲ್ಲಿ ಸಕಾರ, ತವರ್ಗ, ಆಮೇಲೆ ಯ ರ ವ, ಎಲ್ಲವೂ ಸರಿ. ಆದರೆ ನಕಾರಕ್ಕೂ ಮಕಾರಕ್ಕೂ ನಡುವೆ, ಪಕಾರ ಇರಬೇಕಾದ ಕಡೆ, ಹಕಾರವೇಕೆ ಬಂದು ನಿಂತಿದೆ? ಇನ್ನೊಂದು ವಿಚಿತ್ರವೂ ಇತ್ತು. ಅಕ್ಷರದ ಮೇಲ್ತುದಿಯಲ್ಲಿ ಎರಡು ಪುಟ್ಟ ಗೆರೆಗಳನ್ನು ಹಾಕಿದರೆ ಕ ಗ ಆಗುತ್ತದೆ, ತ ದ ಆಗುತ್ತದೆ. ಹಕಾರಕ್ಕೆ ಅದೇ ಗೆರೆಗಳನ್ನು ಹಾಕಿದರೆ ಬ ಆಗುತ್ತದೆ. ಗಂಟಲಿನ ಉಸಿರು ಎರಡು ಗೆರೆಗಳಿಂದ ತುಟಿಗೆ ಬರುವುದಾದರೂ ಹೇಗೆ?

ಉತ್ತರ ಕನ್ನಡದಲ್ಲೇ ಇತ್ತು. ಪಂಪನ ಕಾಲದ ಪಾಲ್, ಪೂ, ಪಳ್ಳಿ ಎಂಬ ಮಾತುಗಳು ನಮ್ಮಲ್ಲಿ ಹಾಲು, ಹೂವು, ಹಳ್ಳಿಗಳಾದವು. ಹಳಗನ್ನಡದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು. ಜಪಾನೀ ಭಾಷೆಯಲ್ಲೂ ನಡೆದದ್ದು ಇದೇ. ಅತ್ಯಂತ ಪ್ರಾಚೀನ ಕಾಲದಲ್ಲಿ ಪಕಾರವಾಗಿದ್ದ ಧ್ವನಿ ಕ್ರಮೇಣ ತುಟಿಗಳ ನಡುವೆ ಗಾಳಿ ಊದಿ ನುಡಿಯುವ ಫ಼ಕಾರವಾಯಿತು, ಬಳಿಕ ಹಕಾರವಾಯಿತು. 1603ರಲ್ಲಿ ನಾಗಸಾಕಿಯಲ್ಲಿ ಪೋರ್ಚುಗೀಸ್ ಪಾದ್ರಿಗಳು ಅಚ್ಚು ಹಾಕಿಸಿದ ನಿಘಂಟಿನಲ್ಲಿ ಇಂದಿನ ಹಕಾರಾದಿ ಪದಗಳು ಎಫ್ ಅಕ್ಷರದಿಂದಲೇ ಆರಂಭವಾಗುತ್ತವೆ. ಫುಜಿ ಪರ್ವತದ ಹೆಸರಿನಲ್ಲಿ ಆ ಧ್ವನಿ ಇಂದಿಗೂ ಉಳಿದಿದೆ. ಕೋಷ್ಟಕ ರಚಿಸಿದವರು ತುಟಿಯ ಧ್ವನಿಯನ್ನು ತುಟಿಯ ಧ್ವನಿಗಳ ಜಾಗದಲ್ಲೇ ಇಟ್ಟಿದ್ದರು. ಉಚ್ಚಾರಣೆ ಸರಿದುಹೋಯಿತು, ಸ್ಥಾನ ಮಾತ್ರ ಹಾಗೆಯೇ ಉಳಿಯಿತು. ಇದು ತಿಳಿದ ರಾತ್ರಿ ನನಗಾದ ಸಂತೋಷವನ್ನು ಮನೆಯವರಿಗೆ ವಿವರಿಸಲು ಬಹಳ ಹೊತ್ತು ಪ್ರಯತ್ನಿಸಿದೆ.

ಕೆಲಸದ ನಿಮಿತ್ತ ಒಸಾಕಾಕ್ಕೆ ಹೋಗುವ ಅವಕಾಶ ಒದಗಿದಾಗ ವಾರಾಂತ್ಯವನ್ನು ಕೋಯಾಸನ್‌ಗೆ ಮೀಸಲಿಟ್ಟೆ. ನಂಬಾ ನಿಲ್ದಾಣದಿಂದ ಹೊರಡುವ ರೈಲು ಬಯಲನ್ನು ದಾಟಿ ಹಶಿಮೊತೊ ಎಂಬ ಊರಿನ ನಂತರ ಕಣಿವೆಯೊಳಗೆ ತಿರುವುಗಳನ್ನು ಹಾಯುತ್ತ ಏರುತ್ತದೆ. ಅಲ್ಲಿಯ ನಿಲ್ದಾಣಗಳ ಹೆಸರು ಫಲಕಗಳಲ್ಲಿ ಕಂಜಿಯೊಂದಿಗೆ ಹಿರಗನದಲ್ಲೂ ಇರುವುದರಿಂದ ನನ್ನಂಥ ಹವ್ಯಾಸಿಗೆ ಕಿಟಕಿಯ ಪಕ್ಕದ ಆಸನವೇ ಪಾಠಶಾಲೆ. ಹಶಿಮೊತೊ ಹೆಸರಿನ ಮೊದಲ ಕಂಜಿಗೆ ಸೇತುವೆ ಎಂದರ್ಥ. ಎಡಭಾಗದಲ್ಲಿ ಮರದ ಚಿಹ್ನೆ ಇರುವುದರಿಂದ ಅದನ್ನು ಗುರುತಿಸುವುದು ಸುಲಭ. ರೈಲು ನಿಂತು ಕೇಬಲ್ ಕಾರು ಹತ್ತಬೇಕಾದ ಕೊನೆಯ ನಿಲ್ದಾಣದ ಫಲಕದಲ್ಲೂ ಅದೇ ಕಂಜಿ ಕಡೆಯಲ್ಲಿತ್ತು, ಆದರೆ ಹಿರಗನದಲ್ಲಿ ಬರೆದದ್ದು ಗೊಕುರಕುಬಶಿ. ಸುಖಾವತಿಯ ಸೇತುವೆ ಎಂಬುದು ಅದರ ತಾತ್ಪರ್ಯ. ಒಂಟಿಯಾಗಿ ಅಥವಾ ಮೊದಲಲ್ಲಿ ಬಂದರೆ ಹಶಿ, ಸಮಾಸದ ಉತ್ತರಪದವಾದರೆ ಬಶಿ. ಇದು ನಮ್ಮ ಆದೇಶ ಸಂಧಿಯೇ! ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಂತೆ ಅಲ್ಲಿ ಕೈ ಎಂಬರ್ಥದ ತೆ, ಕಾಗದ ಎಂಬರ್ಥದ ಕಮಿ ಸೇರಿ ತೆಗಮಿ ಎಂದರೆ ಪತ್ರವಾಗುತ್ತದೆ. ಹಶಿ ಬಶಿಯಾಗುವುದಕ್ಕೆ ಇನ್ನೂ ಹತ್ತಿರದ ನಿದರ್ಶನ ನಮ್ಮಲ್ಲಿದೆ. ನಾವು ಇಂದು ಹನಿ ಎನ್ನುತ್ತೇವೆ, ಆದರೆ ಕಣ್ಣಿನ ಹನಿ ಕಂಬನಿ. ಪನಿ ಎಂಬ ಹಳೆಯ ರೂಪದ ಪಕಾರವೇ ಸಮಾಸದೊಳಗೆ ಬಕಾರವಾಗಿ ಉಳಿದುಕೊಂಡಿದೆ. ಆ ಎರಡು ಫಲಕಗಳ ನಡುವಿನ ದಾರಿಯಲ್ಲಿ ನನ್ನ ನೋಟ್‌ಬುಕ್ಕಿನ ಪ್ರಶ್ನೆಗೆ ಕಣ್ಣೆದುರಿನ ಸಾಕ್ಷ್ಯ ದೊರೆಯಿತು.

ಕೋಯಾಸನ್ ಶಿಂಗೊನ್ ಎಂಬ ಬೌದ್ಧ ಪಂಥದ ಕೇಂದ್ರ. ಅದನ್ನು 816ರಲ್ಲಿ ಸ್ಥಾಪಿಸಿದ ಕೂಕೈ ಅದಕ್ಕೂ ಮೊದಲು, 804ರಲ್ಲಿ, ಸಮುದ್ರ ದಾಟಿ ಚೀನಾದ ಚಾಂಗ್ಆನ್ ನಗರಕ್ಕೆ ಹೋಗಿ ಭಾರತದಿಂದ ಬಂದಿದ್ದ ಪ್ರಜ್ಞ ಎಂಬ ಭಿಕ್ಷುವಿನಲ್ಲಿ ಸಂಸ್ಕೃತವನ್ನು ಕಲಿತಿದ್ದ. ಸಿದ್ಧಂ ಲಿಪಿಯ ಅಧ್ಯಯನ ಜಪಾನಿನಲ್ಲಿ ಬೇರೂರಲು ಆತ ಮುಖ್ಯ ಕಾರಣ. ಆತನ ಸಮಾಧಿಯಿರುವ ಒಕುನೊಇನ್‌ಗೆ ಹೋಗುವ ಸುಮಾರು ಎರಡು ಕಿಲೋಮೀಟರ್ ಹಾದಿಯಲ್ಲಿ, ನೂರಾರು ವರ್ಷದ, ದೇವದಾರುವನ್ನು ಹೋಲುವ ಮರಗಳ ಕೆಳಗೆ, ಎರಡು ಲಕ್ಷಕ್ಕೂ ಹೆಚ್ಚು ಸ್ಮಾರಕ ಶಿಲೆಗಳಿವೆ. ಗೆದ್ದಲು ನಿವಾರಿಸುವವರ ಸಂಘವೊಂದು ತಾನು ಕೊಂದ ಗೆದ್ದಲುಗಳಿಗಾಗಿ ನಿಲ್ಲಿಸಿದ ಕಲ್ಲೂ ಅವುಗಳಲ್ಲಿ ಒಂದು. ಅದರ ಮೇಲಿನ ಹಿರಗನ ಅಕ್ಷರಗಳನ್ನು ಕೂಡಿಸಿ ಓದಿ, ಗೆದ್ದಲುಗಳೇ ನೆಮ್ಮದಿಯಿಂದ ಮಲಗಿರಿ ಎಂಬ ಅರ್ಥ ಹೊಳೆದಾಗ ಆ ಸಮಾಜದ ಬಗ್ಗೆ ನನಗೆ ಗೌರವ ಹೆಚ್ಚಾಯಿತು.

ನಾನು ಹುಡುಕುತ್ತಿದ್ದುದು ಗೊರಿನ್‌ತೋ ಎಂಬ ಐದು ಅಂತಸ್ತಿನ ಕಲ್ಲುಗಳನ್ನು. ಕೆಳಗೆ ಚೌಕಾಕಾರದ ಪೃಥ್ವಿ, ಅದರ ಮೇಲೆ ದುಂಡಾದ ಜಲ, ಮಾಡಿನಂತೆ ಇಳಿಜಾರಾದ ಅಗ್ನಿ, ಅರ್ಧಗೋಲದ ವಾಯು, ತುದಿಯಲ್ಲಿ ಮಣಿಯಾಕಾರದ ಆಕಾಶ. ಕೆಲವದರ ಮೇಲೆ ಐದು ಕಂಜಿಗಳಿದ್ದವು. ಜಪಾನೀ ವಾರದ ದಿನಗಳ ಹೆಸರುಗಳಲ್ಲಿ ಬರುವುದರಿಂದ ಬೆಂಕಿ ಮತ್ತು ನೀರಿನ ಕಂಜಿಗಳು ನನಗೆ ಮೊದಲೇ ಪರಿಚಿತವಾಗಿದ್ದವು. ಇನ್ನು ಕೆಲವದರ ಮೇಲೆ ಸಿದ್ಧಂ ಬೀಜಾಕ್ಷರಗಳಿದ್ದವು: ಕೆಳಗಿನಿಂದ ಅ, ವ, ರ, ಹ, ಖ. ನಮ್ಮ ಯೋಗ ಸಂಪ್ರದಾಯದಲ್ಲಿ ಪಂಚಭೂತಗಳಿಗೆ ಹೇಳುವ ಲಂ, ವಂ, ರಂ, ಯಂ, ಹಂ ಎಂಬ ಬೀಜಗಳಿಗಿಂತ ಈ ಕ್ರಮ ಭಿನ್ನವಾದರೂ ನೀರಿಗೆ ವಕಾರ, ಬೆಂಕಿಗೆ ರಕಾರ ಎರಡರಲ್ಲೂ ಒಂದೇ. ಸಿದ್ಧಂ ಉತ್ತರದ ಬ್ರಾಹ್ಮಿಯ ಕವಲು, ಕನ್ನಡ ಲಿಪಿ ದಕ್ಷಿಣದ್ದು. ಆದ್ದರಿಂದ ಕನ್ನಡ ಓದಬಲ್ಲೆನೆಂಬ ಮಾತ್ರಕ್ಕೆ ಅವು ಅರ್ಥವಾಗುವುದಿಲ್ಲ. ಈ ಐದನ್ನು ಮನೆಯಲ್ಲೇ ತಿದ್ದಿ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಪಾಚಿ ಹಿಡಿದ ಅರ್ಧಗೋಲದ ಮೇಲೆ ಹಕಾರವನ್ನು ಗುರುತಿಸಿ ಬಹಳ ಹೊತ್ತು ಅಲ್ಲಿಯೇ ನಿಂತೆ.

ಆ ರಾತ್ರಿ ತಂಗಿದ್ದು ಯಾತ್ರಿಕರಿಗೆ ವಸತಿ ಕೊಡುವ ಒಂದು ದೇವಾಲಯದಲ್ಲಿ. ಮಾಂಸ, ಮೀನು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲದ ಊಟ. ಎಳ್ಳಿನಿಂದ ಮಾಡಿದ ತೋಫು ಬಹಳ ರುಚಿಯಾಗಿತ್ತು.

ಬೆಳಗಿನ ಪೂಜೆಯಲ್ಲಿ ನಮಗೆಲ್ಲ ಪ್ರಜ್ಞಾಪಾರಮಿತಾ ಹೃದಯ ಸೂತ್ರದ ಮಡಿಕೆ ಪುಸ್ತಕವನ್ನು ಕೊಟ್ಟರು. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ಬರೆದ ಹ್ಯೂಯೆನ್ ತ್ಸಾಂಗನ ಅನುವಾದವೆಂದು ಪ್ರಸಿದ್ಧವಾದ ಚೀನೀ ಪಾಠವನ್ನೇ ಜಪಾನೀಯರು ತಮ್ಮ ಉಚ್ಚಾರಣೆಯಲ್ಲಿ ಪಠಿಸುತ್ತಾರೆ. ಪ್ರತಿ ಕಂಜಿಯ ಪಕ್ಕದಲ್ಲೂ ಹಿರಗನವಿದ್ದುದರಿಂದ ಬೆರಳಿಟ್ಟು ಅನುಸರಿಸುವುದು ನನಗೆ ಸಾಧ್ಯವಾಯಿತು. ಶೀರ್ಷಿಕೆಯಲ್ಲೇ ಮೈ ನವಿರೆದ್ದಿತು: ಮಕ ಹನ್ನ್ಯ ಹರಮಿತ. ಮಹಾ ಎಂಬುದು ಮಕ ಆಗಿದೆ, ಪಾಲಿಯ ಪಞ್ಞಾ ರೂಪವನ್ನು ಹೋಲುವ ಪದ ಹನ್ನ್ಯ ಆಗಿದೆ, ಪಾರಮಿತಾ ಹರಮಿತ ಆಗಿದೆ. ಸಂಸ್ಕೃತದ ಪಕಾರ ಇಲ್ಲಿ ಹಕಾರ. ಸಂಸ್ಕೃತದ ಹಕಾರ ಇಲ್ಲಿ ಕಕಾರ. ಈ ಪದಗಳು ಜಪಾನಿಗೆ ಬಂದ ಕಾಲಕ್ಕೆ ಆ ಭಾಷೆಯಲ್ಲಿ ಹಕಾರವೇ ಇರಲಿಲ್ಲ. ಚೀನೀ ಭಾಷೆಯ ಹಕಾರದಂಥ ಧ್ವನಿಗಳನ್ನು ಕೇಳಿದವರು ತಮ್ಮಲ್ಲಿದ್ದ ಹತ್ತಿರದ ಕ, ಗಗಳಿಂದ ನುಡಿದರು; ಪಕಾರವನ್ನು ತಮ್ಮ ತುಟಿಯ ಧ್ವನಿಯಿಂದ ನುಡಿದರು, ಅದು ಕಾಲಾಂತರದಲ್ಲಿ ಹಕಾರವಾಯಿತು. ಕೊನೆಯ ಮಂತ್ರ ಬಂದಾಗ ಭಿಕ್ಷುಗಳ ಧ್ವನಿ ಒಟ್ಟಾಗಿ ಏರಿತು: ಗ್ಯತೇ ಗ್ಯತೇ ಹರಗ್ಯತೇ ಹರಸೋಗ್ಯತೇ ಬೊಜಿ ಸೊವಕ. ಗತೇ ಗತೇ ಪಾರಗತೇ ಪಾರಸಂಗತೇ ಬೋಧಿ ಸ್ವಾಹಾ ಎಂಬುದನ್ನು ಅದರೊಳಗೆ ಅಕ್ಷರ ಅಕ್ಷರವಾಗಿ ಕೇಳಿಸಿಕೊಂಡೆ. ಪಾರ ಎಂಬುದು ಹರ ಆದದ್ದು, ಸ್ವಾಹಾ ಎಂಬುದು ಸೊವಕ ಆದದ್ದು ಏಕೆಂಬುದು ಯಾರೂ ಹೇಳದೆಯೇ ನನಗೆ ತಿಳಿದಿತ್ತು. ಆಮೇಲೆ ಪಕ್ಕದ ಮಂಟಪದಲ್ಲಿ ಸಮಿತ್ತುಗಳನ್ನು ಬೆಂಕಿಗೆ ಅರ್ಪಿಸುವ ವಿಧಿ ನಡೆಯಿತು. ಅದರ ಹೆಸರು ಗೊಮ, ಎಂದರೆ ನಮ್ಮ ಹೋಮ. ಅಲ್ಲಿಯೂ ಹಕಾರ ಗಕಾರವಾಗಿತ್ತು.

ಪೂಜೆ ಮುಗಿದ ಮೇಲೆ ತರುಣ ಭಿಕ್ಷುವೊಬ್ಬರು ಬಂದು, ನೀವು ಓದುತ್ತಿದ್ದುದನ್ನು ನೋಡಿದೆ, ಎಲ್ಲಿ ಕಲಿತಿರಿ ಎಂದು ವಿಚಾರಿಸಿದರು. ಮನೆಯಲ್ಲಿ, ಹವ್ಯಾಸಕ್ಕಾಗಿ ಎಂದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ ಐದು ಬೀಜಾಕ್ಷರಗಳನ್ನು ತೋರಿಸಿ, ಇವನ್ನು ನೀವು ಹೇಗೆ ಓದುತ್ತೀರಿ ಎಂದು ಕೇಳಿದೆ. ಅವರು ಮೇಲಿನಿಂದ ಆರಂಭಿಸಿ ಒಂದೇ ಉಸಿರಿನಲ್ಲಿ ಹೇಳಿದರು: ಕ್ಯ, ಕ, ರ, ಬ, ಅ. ನಾನು ಹಿಂದಿನ ದಿನ ಹಕಾರವೆಂದು ಗುರುತಿಸಿದ್ದ ಗಾಳಿಯ ಅಕ್ಷರವನ್ನು ಅವರ ಪರಂಪರೆ ಕಕಾರವೆಂದೇ ಓದುತ್ತದೆ. ನನ್ನ ಅರೆಬರೆ ಜಪಾನಿಯಲ್ಲಿ ಪಾಲು ಹಾಲಾದ ಕಥೆಯನ್ನು ಹೇಳಿದಾಗ ಅವರು ಪೆನ್ಸಿಲ್ ತೆಗೆದುಕೊಂಡು, ನಿಮ್ಮ ಸಾಲನ್ನು ಬರೆಯಿರಿ ಎಂದರು. ನಾನು ಕ ಚ ಟ ತ ಪ ಯ ರ ವ ಎಂದು ಬರೆದು ಓದಿದೆ. ಅವರು ಪಕ್ಕದಲ್ಲಿ ತಮ್ಮ ಹಿರಗನಗಳನ್ನು ಬರೆಯುತ್ತ ಹೋಗಿ, ಟಕಾರದ ಎದುರಿನ ಜಾಗವನ್ನು ಖಾಲಿ ಬಿಟ್ಟು, ಪಕಾರದ ಎದುರು ತಮ್ಮ ಹಕಾರವನ್ನು ಬರೆದರು.

ಊರಿಗೆ ಮರಳಿದ ಮೇಲೆ ಆ ಸೂತ್ರದ ಕಂಜಿಗಳನ್ನು ಒಂದೊಂದಾಗಿ ನಕಲು ಮಾಡಲು ಆರಂಭಿಸಿದ್ದೇನೆ. ಸೂತ್ರವನ್ನು ಕೈಯಾರೆ ಬರೆಯುವುದಕ್ಕೆ ಜಪಾನಿನಲ್ಲಿ ಶಕ್ಯೋ ಎನ್ನುತ್ತಾರೆ. ಅಲ್ಲಿ ಅದಕ್ಕೆ ಕುಂಚ ಮತ್ತು ಮಸಿ, ನನಗೆ ಸದ್ಯಕ್ಕೆ ಪೆನ್ಸಿಲೇ ಸಾಕು. ಶೂನ್ಯ ಎಂಬರ್ಥದ ಕೂ ಕಂಜಿಯನ್ನು ಮೊದಲು ತೆಗೆದುಕೊಂಡೆ, ಏಕೆಂದರೆ ಗೊರಿನ್‌ತೋ ಕಲ್ಲುಗಳ ತುದಿಯಲ್ಲಿ ಆಕಾಶವಾಗಿ ಅದನ್ನು ಕಂಡಿದ್ದೆ. ಈಗ ಅಭ್ಯಾಸದಲ್ಲಿರುವುದು ಇಲ್ಲ ಎಂಬರ್ಥದ ಮು. ಅದಕ್ಕೆ ಹನ್ನೆರಡು ಗೆರೆಗಳಿವೆ, ಸೂತ್ರದಲ್ಲಿ ಅದು ಮತ್ತೆ ಮತ್ತೆ ಬರುತ್ತದೆ, ಮತ್ತು ಅದರ ಬುಡದ ನಾಲ್ಕು ಚುಕ್ಕೆಗಳನ್ನು ಎಡದಿಂದ ಬಲಕ್ಕೆ ಒಂದೇ ಅಂತರದಲ್ಲಿ ಇಡುವುದು ನನಗೆ ಇನ್ನೂ ಹದವಾಗಬೇಕಿದೆ.