ಕತ್ತಲಿಂದ ಬಿಸಿಲಿಗೆ ಬಂದ ಮೊದಲ ನಿಮಿಷ

ರಾಯಚೂರಿನ ಮೇ ಬಿಸಿಲಲ್ಲಿ ಮಾಳಿಗೆ ಮೇಲಿನ ಸೋಲಾರ್ ಪ್ಯಾನೆಲ್ ಕಾದಷ್ಟೂ ವೋಲ್ಟೇಜ್ ಇಳಿಯುತ್ತದೆ. ಪುಟ್ಟ ಉಪಗ್ರಹದಲ್ಲಿ ಕಾಡುವುದು ಇದರ ಉಲ್ಟಾ. 500 ಕಿ.ಮೀ. ಎತ್ತರದಲ್ಲಿ ಒಂದು ಸುತ್ತಿಗೆ ಸುಮಾರು 95 ನಿಮಿಷ, ಅದರಲ್ಲಿ 35 ನಿಮಿಷದವರೆಗೆ ಕತ್ತಲು. ಅಷ್ಟರಲ್ಲಿ ಪ್ಯಾನೆಲ್ ಮೈನಸ್ 80 ಡಿಗ್ರಿಗೆ ಇಳಿಯಿತು ಎಂದಿಟ್ಟುಕೊಳ್ಳಿ. ಇಂಥ ಪ್ಯಾನೆಲ್‌ನ ಟ್ರಿಪಲ್ ಜಂಕ್ಷನ್ ಸೆಲ್ (ಮೂರು ಪದರದ ಸೋಲಾರ್ ಸೆಲ್) ಲೋಡ್ ಇಲ್ಲದಾಗ 28 ಡಿಗ್ರಿಯಲ್ಲಿ ಸುಮಾರು 2.7 ವೋಲ್ಟ್ ಕೊಡುತ್ತದೆ. ಒಂದೊಂದು ಡಿಗ್ರಿ ತಣ್ಣಗಾದಂತೆ ಸುಮಾರು 6 ಮಿಲಿವೋಲ್ಟ್ ಏರುತ್ತದೆ. ಸಾಲಾಗಿ 7 ಸೆಲ್ ಜೋಡಿಸಿದ್ದರೆ 18.9 ವೋಲ್ಟ್ ಇದ್ದದ್ದು 23.4 ದಾಟುತ್ತದೆ. ಪ್ಯಾನೆಲ್ ವೋಲ್ಟೇಜನ್ನು ಬೇಕಾದ ಮಟ್ಟಕ್ಕೆ ಬದಲಿಸುವ ಕನ್ವರ್ಟರ್ 20 ವೋಲ್ಟ್ ಮಿತಿಯದಾದರೆ ಬಿಸಿಲು ಬಿದ್ದ ಕೂಡಲೇ ಸುಟ್ಟುಹೋಗಬಹುದು. ಲ್ಯಾಬಿನ ಟೇಬಲ್ ಮೇಲೆ ಇದು ಎಂದೂ ಕಾಣುವುದಿಲ್ಲ, ಅದೇ ಅಪಾಯ. ನಮ್ಮ ಕಡೆ ಕಾಲೇಜಿನ ಹುಡುಗರು ಬೋರ್ಡ್ ಮಾಡುವಾಗ 36 ವೋಲ್ಟ್ ತಾಳುವ ಭಾಗವನ್ನೇ ಹಾಕಲಿ.

ಬ್ಯಾಟರಿಗೂ ಚಳಿಯೇ ಶತ್ರು. ಸೊನ್ನೆಗಿಂತ ಕೆಳಗೆ ಲಿಥಿಯಂ ಅಯಾನ್ ಸೆಲ್ ಚಾರ್ಜ್ ಮಾಡಿದರೆ ಆನೋಡ್ (ಋಣ ತುದಿ) ಮೇಲೆ ಲಿಥಿಯಂ ಲೋಹವಾಗಿ ಕೂರುತ್ತದೆ, ಒಳಗೇ ಶಾರ್ಟ್ ಆಗಬಹುದು. ತಾಪ ಅಳೆಯುವ ಥರ್ಮಿಸ್ಟರನ್ನು ಬೋರ್ಡಿಗಲ್ಲ, ಸೆಲ್ಲಿನ ಮೈಗೇ ಅಂಟಿಸಿ. 5 ಡಿಗ್ರಿ ದಾಟುವವರೆಗೆ ಹೀಟರ್ ಮಾತ್ರ ನಡೆಯಲಿ, ಚಾರ್ಜ್ ಬೇಡ. ಈ ತಡೆಯನ್ನು ಸಾಫ್ಟ್‌ವೇರಿಗೆ ಬಿಡಬೇಡಿ, ಎರಡು ವೋಲ್ಟೇಜ್ ಹೋಲಿಸಿ ತಾನೇ ಸ್ವಿಚ್ ಮಾಡುವ ಕಂಪ್ಯಾರೇಟರ್ ಸರ್ಕ್ಯೂಟಿಗೇ ಕೊಡಿ. ವಿಕಿರಣ ಬಡಿದು ಪ್ರೊಸೆಸರ್ ಹ್ಯಾಂಗ್ ಆದರೂ ಬ್ಯಾಟರಿ ಉಳಿಯುತ್ತದೆ.