ಬಟ್ಟೆಯೊಳಗಿನ ಆಯಿ

ಹೋದ ವಾರ ತಂಗಿಯ ಮಗಳ ಪಾಸ್‌ಪೋರ್ಟ್ ಫೋಟೊ ತೆಗೆಸಲು ಶಿರಸಿಯ ಒಂದು ಸ್ಟುಡಿಯೋಕ್ಕೆ ಹೋಗಿದ್ದೆವು. ಏಳು ತಿಂಗಳ ಕೂಸು, ಕೂರಿಸಿದರೆ ಒಂದು ಬದಿಗೆ ವಾಲುತ್ತದೆ. ಕೊನೆಗೆ ಫೋಟೊದವರು ತಂಗಿಯನ್ನು ಸ್ಟೂಲ್ ಮೇಲೆ ಕೂರಿಸಿ, ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹೊದೆಸಿ, ಮಡಿಲಲ್ಲಿ ಕೂಸನ್ನು ಇಟ್ಟು, "ಅಕ್ಕ, ಒಳಗಿಂದಲೇ ಗಟ್ಟಿ ಹಿಡ್ಕೊಳ್ಳಿ" ಎಂದರು. ಎದುರಿಗೆ ನಮ್ಮ ಆಯಿ, ಅಂದರೆ ಅಮ್ಮ, ಬೀಗದ ಕೈ ಗೊಂಚಲು ಅಲ್ಲಾಡಿಸುತ್ತ "ಹಂದಾಡಡ ಕೂಸೆ" ಅನ್ನುತ್ತಿದ್ದಳು. ನನಗೆ ನಗು ತಡೆಯಲಿಲ್ಲ. ಇದು 150 ವರ್ಷ ಹಳೆಯ ಉಪಾಯ!

19ನೇ ಶತಮಾನದ ಇಂಗ್ಲೆಂಡ್, ಅಮೆರಿಕದ ಸ್ಟುಡಿಯೋಗಳಲ್ಲಿ ತೆಗೆದ ಮಕ್ಕಳ ಫೋಟೊ ನೋಡುವ ಹುಚ್ಚು ನನಗೆ. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಫೋಟೊ ತೆಗೆಯುವ ಒಂದು ವಿಧಾನ ಪ್ರಕಟಿಸಿದ. ಗಾಜಿಗೆ ಕೊಲೋಡಿಯನ್ ಅನ್ನುವ ಅಂಟು ದ್ರವ ಹಚ್ಚಿ, ಅದು ಒದ್ದೆ ಇರುವಾಗಲೇ ಚಿತ್ರ ತೆಗೆದು ತೊಳೆಯಬೇಕು. ಗಾಜಿನ ಮಾಡಿನಿಂದ ಬೆಳಕು ಬಿದ್ದರೂ ಕೆಲವು ಸೆಕೆಂಡ್ ಅಲ್ಲಾಡದೆ ಇರಬೇಕಿತ್ತು. ದೊಡ್ಡವರಾದರೆ ತಲೆಯ ಹಿಂದೆ ಕಬ್ಬಿಣದ ಸ್ಟ್ಯಾಂಡ್ ಇಡುತ್ತಿದ್ದರು. ಸಣ್ಣ ಕೂಸಿಗೆ ಅಮ್ಮನೇ ಸ್ಟ್ಯಾಂಡ್. ಅವಳ ಮೇಲೆ ಪರದೆಯನ್ನೋ ಶಾಲನ್ನೋ ಹೊದೆಸಿ, ಕುರ್ಚಿ ಅನ್ನುವ ಹಾಗೆ ಮಾಡಿಬಿಡುತ್ತಿದ್ದರು. ಆಮೇಲೆ ಮೊಟ್ಟೆಯಾಕಾರದಲ್ಲಿ ಕತ್ತರಿಸಿದ ರಟ್ಟಿನ ಚೌಕಟ್ಟು ಹಾಕಿದರೆ ಅಂಚಿನಲ್ಲಿ ಕಾಣುವ ಮೊಣಕೈ, ತಲೆ ಎಲ್ಲ ಮುಚ್ಚಿಹೋಗುತ್ತಿತ್ತು. ಈಗ ಆ ರಟ್ಟು ತೆಗೆದು ನೋಡಿದರೆ ಮುಸುಕು ಹಾಕಿದ ಹೆಂಗಸು ಭೂತದ ಹಾಗೆ ಕೂತಿರುತ್ತಾಳೆ, ಪಾಪ.

ಇಂಥ ಫೋಟೊ ಕಂಡ ಕೂಡಲೇ ಇಂಟರ್‌ನೆಟ್‌ನಲ್ಲಿ ಕೆಲವರು "ಸತ್ತ ಮಗು" ಅಂತ ಬರೆದುಬಿಡುತ್ತಾರೆ. ಸತ್ತ ಮಕ್ಕಳ ಫೋಟೊ ತೆಗೆಯುತ್ತಿದ್ದುದು ನಿಜ. ಆದರೆ ಸತ್ತ ಮಗುವಿಗೆ ಹಿಡಿಯುವ ಕೈ ಯಾಕೆ ಬೇಕು? ಕಾಲು ಮಸುಕಾಗಿದ್ದರೆ ಕೂಸು ಒದ್ದಾಡಿದೆ ಅಂತ ಅರ್ಥ, ಅಷ್ಟೇ.

ಸ್ವಲ್ಪ ದೊಡ್ಡ ಮಕ್ಕಳ ಫೋಟೊದಲ್ಲೂ ಇದೇ ಆಟ. 1854ರಲ್ಲಿ ಪ್ಯಾರಿಸ್ಸಿನ ಫೋಟೊಗ್ರಾಫರ್ ಡಿಸ್ಡೇರಿ ಪೇಟೆಂಟ್ ಪಡೆದ ಕಾರ್ಟ್ ದ ವಿಸಿಟ್ ಅನ್ನುವ ಫೋಟೊ ಬರೀ ಅಂಗೈಯಷ್ಟು, ನಿಲುವಾದ ಕಾರ್ಡು. ನಿಂತ ದೊಡ್ಡವರು ಅದರಲ್ಲಿ ಸರಿಯಾಗಿ ಹಿಡಿಯುತ್ತಾರೆ. ಮೂರು ವರ್ಷದ ಪೋರ ನಿಂತರೆ ತಲೆಯ ಮೇಲೆ ಅರ್ಧ ಕಾರ್ಡು ಖಾಲಿ! ಅದಕ್ಕೇ ಕುರ್ಚಿ ಮೇಲೆ ನಿಲ್ಲಿಸುವುದು, ಪಕ್ಕಕ್ಕೆ ಕಂಬ, ಹಿಂದೆ ಬಣ್ಣ ಬಳಿದ ಪರದೆ. ಕುರ್ಚಿಯ ಬೆನ್ನಿನ ಮೇಲೆ ಇಟ್ಟ ಕೈ ನೋಡಿ, ಗತ್ತು ಅನ್ನಿಸುತ್ತದೆ, ಅಲ್ವಾ? ಅರ್ಧ ಗತ್ತು, ಇನ್ನರ್ಧ ಬೀಳದಿರಲು ಆಧಾರ.

ನನಗೆ ಮಜಾ ಅನ್ನಿಸುವುದು ಮುಂದಿನದು. 1880ರ ಹೊತ್ತಿಗೆ ಮೊದಲೇ ರಾಸಾಯನಿಕ ಹಚ್ಚಿ ಒಣಗಿಸಿದ ಗಾಜು ಅಂಗಡಿಯಲ್ಲೇ ಸಿಗತೊಡಗಿತು, ಅಷ್ಟು ಹೊತ್ತು ಕಾಯುವ ಕೆಲಸ ಇಲ್ಲ. ಆದರೂ ಕುರ್ಚಿ ಹೋಗಲಿಲ್ಲ. ಎಷ್ಟೋ ವರ್ಷದ ನಂತರ ತೆಗೆದ ನಮ್ಮ ಅಜ್ಜನ ಬಾಲ್ಯದ ಫೋಟೊದಲ್ಲೂ ಅದೇ ಕುರ್ಚಿ, ಅದೇ ಕೈ. ಜಗಲಿಯಲ್ಲಿ ಇನ್ನೂ ತೂಗುತ್ತಿದೆ.

ಕೂಸಿನ ಫೋಟೊ ಕಂಪ್ಯೂಟರಿನಲ್ಲಿ ಬಂದಾಗ ಬಲ ಕಂಕುಳ ಹತ್ತಿರ ತಂಗಿಯ ಎರಡು ಬೆರಳು ಕಂಡವು. "ಅಳಿಸ್ತೇನೆ" ಎಂದರು ಫೋಟೊದವರು. ಅಳಿಸದೇ ಇರುವುದು ಒಂದು ಪ್ರಿಂಟ್ ಕೊಡಿ ಎಂದೆ.

"ಸುಮ್ನೆ ದುಡ್ಡು ದಂಡ" ಅಂದಳು ಆಯಿ.