ನಲ್ಲಿ ಅಳಿಸಿ ಬಕೆಟ್ ಬರೆದೆ: ರೊಮಾ ಮಕ್ಕಳ ಚಿತ್ರಚೀಟಿ, ನಾಲ್ಕನೇ ತಿಂಗಳು

ಹೊಸದಾಗಿ ಓದುವವರಿಗೆ ಎರಡು ಮಾತು. ನಾನಿರುವುದು ಪೂರ್ವ ಸ್ಲೊವಾಕಿಯಾದ ಕೊಶಿತ್ಸೆಯಲ್ಲಿ. ವಾರವಿಡೀ ಸಾಫ್ಟ್‌ವೇರ್ ಕೆಲಸ. ಶನಿವಾರ ನಮ್ಮ ಚರ್ಚಿನ ನಾಲ್ಕೈದು ಜನ ಸೇರಿ ಊರಾಚೆಯ ಒಂದು ಒಸಾಡಾಕ್ಕೆ ಹೋಗುತ್ತೇವೆ. ಒಸಾಡಾ ಅಂದರೆ ರೊಮಾ ಜನರ ಕೇರಿ. ರೊಮಾ ಅಂದರೆ ಭಾರತದಿಂದ ಹೋಗಿ ಯುರೋಪಿನಲ್ಲಿ ನೆಲೆಸಿದ ಜನ, ಅವರ ಭಾಷೆ ರೊಮಾನಿ. ಪ್ರಾರ್ಥನೆ ನಡೆಯುವ ಕೋಣೆಯಲ್ಲೇ ಮಕ್ಕಳಿಗೆ ಹೋಂವರ್ಕ್ ಮಾಡಿಸುತ್ತೇವೆ. ಇನ್ನೂ ಶಾಲೆಗೆ ಸೇರದ ಚಿಕ್ಕವರಿಗೆ ಚಿತ್ರಚೀಟಿ ಮಾಡುವುದು ನನ್ನ ಪಾಲಿನ ಕೆಲಸ. ಮುಂದೆ ಚಿತ್ರ, ಹಿಂದೆ ರೊಮಾನಿ ಪದ, ಅದರ ಕೆಳಗೆ ಸ್ಲೊವಾಕ್ ಪದ.

ಯಾಕೆ ಅಂದರೆ, ಮನೆಯಲ್ಲಿ ರೊಮಾನಿ, ಶಾಲೆಯಲ್ಲಿ ಸ್ಲೊವಾಕ್. ಟೀಚರ್ ಹೇಳಿದ್ದು ಅರ್ಥವಾಗದೆ ಸುಮ್ಮನೆ ಕೂತ ಮಗುವಿಗೆ ಬುದ್ಧಿ ಕಮ್ಮಿ ಅಂತ ಬೇರೆ ಶಾಲೆಗೆ ಹಾಕಿಬಿಡುತ್ತಾರೆ. ಪಕ್ಕದ ಚೆಕ್ ದೇಶದಲ್ಲೂ ಇದೇ ಕಥೆ. ಅಲ್ಲಿನ ಒಸ್ತ್ರಾವಾ ಊರಿನ 18 ರೊಮಾ ಮಕ್ಕಳ ಕೇಸಿನಲ್ಲಿ ಇದು ತಾರತಮ್ಯ ಅಂತ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2007ರಲ್ಲೇ ತೀರ್ಪು ಕೊಟ್ಟಿದೆ.

ಮೊದಲ ಕಂತು ಪೂರ್ತಿ ಹಾಳಾಯಿತು. ಬರೀ ದಪ್ಪ ಕಾಗದದಲ್ಲಿ ಮಾಡಿದ್ದೆ. ಕೋಣೆಯಲ್ಲಿ ಸೌದೆ ಒಲೆ, ಗೋಡೆಯಲ್ಲೆಲ್ಲ ತೇವ. ಎರಡೇ ವಾರಕ್ಕೆ ಅಂಚು ಸುರುಳಿಯಾಗಿ ಬೂಷ್ಟು ಹಿಡಿಯಿತು. ಉಳಿದ ಏಳೆಂಟನ್ನು ಒಬ್ಬ ಪುಟ್ಟ ಮಹಾಶಯ ಒಲೆ ಹೊತ್ತಿಸಲು ಬಳಸಿಕೊಂಡ. ಚಳಿ ಅಷ್ಟಿತ್ತು, ಏನನ್ನಲಿ? ಎರಡನೇ ಕಂತಿನ 40 ಚೀಟಿಗೂ ಲ್ಯಾಮಿನೇಷನ್ ಮಾಡಿಸಿದೆ.

ಈ ತಿಂಗಳ ದೊಡ್ಡ ಪಾಠ ಕಲಿಸಿದ್ದು ನೀರಿನ ಚೀಟಿ. ರೊಮಾನಿಯಲ್ಲಿ ನೀರಿಗೆ ಪಾನಿ. ನಮ್ಮ ಪಾನಿಪೂರಿಯ ಪಾನಿಯೇ! ಖುಷಿಯಲ್ಲಿ ನಲ್ಲಿಯೊಂದನ್ನು ಚೆನ್ನಾಗಿ ಬರೆದು, ತುದಿಯಲ್ಲಿ ಹನಿಯನ್ನೂ ಬೀಳಿಸಿದ್ದೆ. ಐದು ವರ್ಷದ ಹುಡುಗಿ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಮಾತಿಲ್ಲ. ಪಕ್ಕದವನನ್ನು ಕೇಳಿದರೆ ಅವನೂ ಸುಮ್ಮನೆ. ಆಮೇಲೆ ಹೊಳೆಯಿತು. ಇವರ ಯಾರ ಮನೆಯಲ್ಲೂ ನಲ್ಲಿ ಇಲ್ಲ. ಕೇರಿಯ ತುದಿಯಲ್ಲಿ ಒಂದು ಯಂತ್ರ ಇದೆ. ದುಡ್ಡು ತುಂಬಿಸಿದ ಚಿಪ್ ಕಾರ್ಡ್ ತೋರಿಸಿದರೆ ನೀರು ಬರುತ್ತದೆ. ನಮ್ಮ ಹಳ್ಳಿಗಳ ಶುದ್ಧ ನೀರಿನ ಘಟಕ ನೆನಪಾಯಿತು. ಆದರೆ ನಮ್ಮಲ್ಲಿ ಅಲ್ಲಿಂದ ತರುವುದು ಕುಡಿಯೋಕೆ ಮಾತ್ರ. ಇಲ್ಲಿ ಸ್ನಾನ, ಬಟ್ಟೆ, ಪಾತ್ರೆ ಎಲ್ಲದಕ್ಕೂ ಅದೇ. ಅಲ್ಲೇ ಕೂತು ಹಿಂಬದಿಯಲ್ಲಿ ಮಾರ್ಕರ್‌ನಿಂದ ಬಕೆಟ್ ಗೀಚಿದೆ. "ಪಾನಿ!" ಅಂತ ನಾಲ್ಕು ಗಂಟಲು ಒಟ್ಟಿಗೆ ಕೂಗಿದವು.

ಆಮೇಲಿಂದ ಚಿತ್ರವನ್ನು ನಾನೊಬ್ಬಳೇ ತೀರ್ಮಾನಿಸುತ್ತಿಲ್ಲ. ಒಲೆ ಪಕ್ಕ ಕೂರುವ ಒಬ್ಬ ಹಿರಿಯರನ್ನು ಕೇಳುತ್ತೇನೆ. ಎಲ್ಲರೂ ಅವರನ್ನು ಬೀಬಿ ಅನ್ನುತ್ತಾರೆ. ನಾವು ಅತ್ತೆ, ಚಿಕ್ಕಮ್ಮ ಅನ್ನುವ ಹಾಗೆ. ನನ್ನ ಖೇರ್ ಚೀಟಿ, ಅಂದರೆ ಮನೆಯ ಚಿತ್ರ, ನೋಡಿ ನಕ್ಕುಬಿಟ್ಟರು. ಹೆಂಚಿನ ಮಾಡು, ಮುಂದೆ ಹೂತೋಟ. ಅದು ಗಾಜೋ ಮನೆಯಂತೆ, ರೊಮಾ ಅಲ್ಲದವರದ್ದು. ಶಿಲುಬೆಗೆ ಹಳೆಯ ರೊಮಾನಿ ಪದ ತ್ರುಶುಲ್. ಹೌದು, ನಮ್ಮ ತ್ರಿಶೂಲವೇ. ಪಾದ್ರಿಗೆ ರಶಾಯ್, ಅದರ ಬೇರು ಋಷಿ. ಸುಮಾರು ಸಾವಿರ ವರ್ಷದ ಹಿಂದೆ ಭಾರತ ಬಿಟ್ಟವರು ದಾರಿಯುದ್ದಕ್ಕೂ ಏನೇನೋ ಕಳಕೊಂಡರು, ಈ ಪದಗಳನ್ನು ಮಾತ್ರ ಬಿಡಲಿಲ್ಲ. ಆ ದಿನ ಬಸ್ಸಿನಲ್ಲಿ ಬೇರೇನೂ ಯೋಚನೆ ಬರಲಿಲ್ಲ ನನಗೆ.

ಇನ್ನೊಂದು ವಿಷಯಕ್ಕೆ ನಮ್ಮೊಳಗೇ ಜಗಳ ಆಯಿತು. ಪ್ರಾರ್ಥನೆ ಮುಗಿದ ಮೇಲೆ ಹಿಟ್ಟು, ಎಣ್ಣೆ ಪೊಟ್ಟಣ ಹಂಚೋಣ ಅಂದರು ಒಬ್ಬರು. ಜನ ಜಾಸ್ತಿ ಬರುತ್ತಾರಂತೆ. ಬರುತ್ತಾರೆ, ಬರದೆ ಏನು? ಹಸಿದವರು ಬರಲೇಬೇಕಲ್ವಾ. ದೇವರ ಮಾತಿಗೆ ಎಣ್ಣೆ ಪೊಟ್ಟಣ ಕಟ್ಟಬೇಡಿ, ಕೊಡುವುದಾದರೆ ಬೇರೆ ದಿನ ಕೊಡಿ, ಪ್ರಾರ್ಥನೆಗೆ ಬರದ ಮನೆಗೂ ಕೊಡಿ ಅಂದೆ. ನಮ್ಮೂರಲ್ಲಿ ಈ ಬಗ್ಗೆ ಕೇಳಿದ ಮಾತುಗಳು ಸಾಕಾಗಿವೆ. ಫ್ರಾನ್ಸಿನಲ್ಲಿ 1950ರ ದಶಕದಲ್ಲಿ ಕ್ಲೆಮಾನ್ ಲ ಕೊಸೆಕ್ ಎಂಬ ಪಾಸ್ಟರ್ ರೊಮಾ ಜನರ ನಡುವೆ ಶುರು ಮಾಡಿದ ಸುವಾರ್ತೆ ಕೆಲಸ ಬೆಳೆದದ್ದು ರೊಮಾ ಜನರೇ ಬೋಧಕರಾದಾಗ. ಪೊಟ್ಟಣ ಈಗ ಬುಧವಾರ ಹೋಗುತ್ತದೆ. ಶನಿವಾರ ಜನ ಸ್ವಲ್ಪ ಕಮ್ಮಿಯಾದರು, ಅದೂ ನಿಜ.

ಇದೇ ಕೊಶಿತ್ಸೆಯಲ್ಲಿ ರೊಮಾ ಜನರೇ ಹೆಚ್ಚಿರುವ ಲುನಿಕ್ 9 ಬಡಾವಣೆಗೆ ಪೋಪ್ ಫ್ರಾನ್ಸಿಸ್ 2021ರ ಸೆಪ್ಟೆಂಬರ್‌ನಲ್ಲಿ ಬಂದಿದ್ದರು. ಆ ಫೋಟೋ ಬೀಬಿಯ ಗೋಡೆಯ ಮೇಲಿದೆ. ನಾವು ಪ್ರೊಟೆಸ್ಟೆಂಟರು ಅಂತ ಅವರೇನೂ ಅದನ್ನು ತೆಗೆದಿಲ್ಲ.

ಇವತ್ತಿನ ಲೆಕ್ಕ: 40ರಲ್ಲಿ 33 ಚೀಟಿ ಉಳಿದಿವೆ. ಕಾನ್, ದಂದ್, ಅಂದರೆ ಕಿವಿ, ಹಲ್ಲು, ಎಲ್ಲರಿಗೂ ಬಾಯಿಗೆ ಬಂದಿವೆ. ಖೇರ್ ಚೀಟಿ ಮತ್ತೆ ಬರೆಯಬೇಕು. ಈ ಸಲ ತಗಡಿನ ಮಾಡು, ಹೊಗೆ ಕೊಳವೆ. ಹೊರಡುವಾಗ ಬೀಬಿ "ಜಾ ದೆವ್ಲೆಹಾ" ಅಂದರು, ದೇವರ ಜತೆ ಹೋಗು ಅಂತ. ಬಾಗಿಲಲ್ಲಿ ನಿಂತು ಇನ್ನೊಂದು ಮಾತೂ ಸೇರಿಸಿದರು: ಕೊಳವೆಯನ್ನು ನೆಟ್ಟಗೆ ಬರೀಬೇಡ, ನಮ್ಮದು ವಾಲಿದೆ.